ಸುಟ್ಟ ಕನೆಕ್ಟರ್‌ಗೆ ಬದಲು: ಥಿಂಬಲ್ಲೋ, ಬೆಸುಗೆಯೋ, ಪಿಂಗಾಣಿಯೋ?

ಕೂಲರ್, ಗೀಸರ್, ಇಸ್ತ್ರಿಪೆಟ್ಟಿಗೆಗಳಲ್ಲಿ ವೈರು ಕೂಡಿಸುವ ಕನೆಕ್ಟರ್ ಸುಟ್ಟರೆ ಬದಲಿಗೆ ಏನು ಹಾಕಬೇಕು? ಕಲಬುರಗಿ ಬಿಸಿಲಿಗೆ ಎಲ್ಲರಿಗೂ ಕೂಲರಿನದೇ ಚಿಂತೆ. ಆದರೆ ಮನೆಯ ಸಣ್ಣ ಕೂಲರ್ ಎಳೆಯುವ ಕರೆಂಟು ಕಡಿಮೆ. ನೀರು ತಾಗದ ಕಡೆ ಸ್ಕ್ರೂ ಬಿಗಿದು ವೈರು ಕೂಡಿಸುವ ಸಾದಾ ಕನೆಕ್ಟರ್ ಹಾಕಿದರೂ ನಡೆದೀತು.

ಗೀಸರ್ ಮಾತೇ ಬೇರೆ. 2000 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್. ಜೋಡಣೆ ಸಡಿಲವಿದ್ದರೆ ಅಲ್ಲೇ ಕಾಯ್ದು ಸುಡುತ್ತದೆ. ಬೆಸುಗೆ ಗಟ್ಟಿ ಅನ್ನಿಸಿದರೂ, ತವರ-ಸೀಸದ್ದು 183 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. ಇಸ್ತ್ರಿಪೆಟ್ಟಿಗೆಯೊಳಗೆ ಅದನ್ನು ನೆಚ್ಚಬೇಡಿ. ಪಿಂಗಾಣಿ ಕನೆಕ್ಟರ್ ಶಾಖ ತಡೆಯುತ್ತದೆ, ಆದರೆ ದಪ್ಪ, ಜಾಗ ಬೇಡುತ್ತದೆ.

ಜಾಗ ಇಕ್ಕಟ್ಟಾಗಿದ್ದರೆ ನನ್ನ ಆಯ್ಕೆ ಶಾಖ ತಡೆಯುವ ಥಿಂಬಲ್, ಅಂದರೆ ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದಾಗ ಸುಟ್ಟ ಹಳೆಯದನ್ನೇ ಅಳತೆಗೆ ಒಯ್ಯಿರಿ. ಒತ್ತಲು ಕ್ರಿಂಪಿಂಗ್ ಟೂಲೇ ಬೇಕು. ಕಟಿಂಗ್ ಪ್ಲೇಯರಿನಲ್ಲಿ ಹಿಸುಕಿದ್ದು (ನಾನೂ ಹಿಸುಕಿದವನೇ) ಸಡಿಲಾಗುತ್ತದೆ. ಪ್ಲಗ್ ಕಿತ್ತು, ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿಯೇ ಕೂಡಿಸಿ.