‘ಕಾಫಿ’ ಎಂದು ಬರೆಸಿದರೆ ‘ಕಾಪಿ’ ಬಂತು: ಸವೆದ ಫಾಂಟ್ ಬಳಸುವವರು ನೋಡಿ

ಕೊಡಗಿನ ಸಿದ್ದಾಪುರ ಕಡೆಯ ತೋಟವೊಂದರ 250 ಗ್ರಾಂ ಕಾಫಿಪುಡಿಯ ಕ್ರಾಫ್ಟ್ (ಕಂದು ಕಾಗದದ) ಪೌಚ್. ಗೋಣಿಚೀಲದ ಮೇಲಿನ ಹಳೇ ಅಚ್ಚಿನ ಹಾಗಿರಲಿ ಎಂದು ದಪ್ಪಗಿನ, ಅಲ್ಲಲ್ಲಿ ಸವೆದು ಕಿತ್ತುಹೋದಂತಿರುವ ಡಿಸ್ಟ್ರೆಸ್ಡ್ ಫಾಂಟ್ ಹಾಕಿದ್ದರು. ಸ್ಕ್ರೀನ್ ಪ್ರಿಂಟ್ ಆಗಿ ಬಂದ ಇಡೀ ಲಾಟ್‌ನಲ್ಲಿ ‘ಕಾಫಿ’ ಹೋಗಿ ‘ಕಾಪಿ’, ‘ಸಿದ್ದಾಪುರ’ ಹೋಗಿ ‘ಸಿದ್ಧಾಪುರ’.

ಪ್ರೆಸ್‌ನವರನ್ನು ಬೈದು ಪ್ರಯೋಜನವಿಲ್ಲ. ‘ಪ’ ಮತ್ತು ‘ಫ’, ‘ದ’ ಮತ್ತು ‘ಧ’ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಕ್ರಾಫ್ಟ್ ಕಾಗದ ಇಂಕ್ ಹೀರಿ ಹರಡಿದಾಗ ಆ ಸೀಳು ಮುಚ್ಚುತ್ತದೆ. ಫಾಂಟಿನ ಗೀರು ‘ದ’ದ ಬುಡಕ್ಕೇ ಬಿದ್ದರೆ ಇಲ್ಲದ ಸೀಳು ಹುಟ್ಟುತ್ತದೆ. ಒತ್ತಕ್ಷರ ಮೊದಲೇ ಚಿಕ್ಕದು, ಅಲ್ಲಿ ಒಂದು ತೂತು ಸಾಕು. ಇಂಗ್ಲಿಷ್ ಅಕ್ಷರ ಇಂಥ ಗೀರನ್ನು ತಡೆದುಕೊಳ್ಳುತ್ತದೆ, ನಮ್ಮದು ತಡೆಯುವುದಿಲ್ಲ.

ಹೋಮ್‌ಸ್ಟೇ ಬೋರ್ಡಿಗೆ ವಿನೈಲ್ ಕತ್ತರಿಸುವಾಗ ತೊಂದರೆ ಬೇರೆ. ಸವೆತದ ಪ್ರತಿ ಚುಕ್ಕೆಯೂ ಪ್ಲಾಟರ್‌ಗೆ, ಅಂದರೆ ಕತ್ತರಿಸುವ ಯಂತ್ರಕ್ಕೆ, ಒಂದೊಂದು ಪ್ರತ್ಯೇಕ ಗೆರೆ. ಬ್ಲೇಡ್ ಚೂರುಗಳನ್ನು ಎಳೆದುಕೊಂಡು ಹೋಗುತ್ತದೆ. ಹೇಗೋ ಅಂಟಿಸಿದರೂ ಜೂನ್‌ನ ಮಳೆಗೆ ಆ ಪುಟ್ಟ ತುದಿಗಳೇ ಮೊದಲು ಏಳುತ್ತವೆ. ಬೋರ್ಡಿಗೆ ಈ ವಿನ್ಯಾಸ ಬೇಕೇ ಬೇಕೆಂದರೆ ಕತ್ತರಿಸಬೇಡಿ, ವಿನೈಲ್ ಮೇಲೆ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿ.

ಪೌಚ್‌ಗೆ ದಾರಿ ಇದೆ. ಸವೆದ ಫಾಂಟನ್ನು ಹುಡುಕಲೇ ಬೇಡಿ (ಉಚಿತವಾಗಿ ಸಿಗುವ ಹೆಚ್ಚಿನವುಗಳಲ್ಲಿ ಕನ್ನಡವೇ ಇರುವುದಿಲ್ಲ, ಎಷ್ಟೋ ‘ವೈಯಕ್ತಿಕ ಬಳಕೆಗೆ ಮಾತ್ರ’). ‘ಬಾಲೂ ತಮ್ಮ 2’ ಅಥವಾ ‘ಅನೇಕ್ ಕನ್ನಡ’ ಎಂಬ ಫಾಂಟಿನ ಎಕ್ಸ್‌ಟ್ರಾಬೋಲ್ಡ್ (ತುಂಬ ದಪ್ಪಗಿನ ರೂಪ) ತಗೊಳ್ಳಿ. ಎರಡೂ ಮುಕ್ತ ಪರವಾನಗಿಯವು, ವ್ಯಾಪಾರಕ್ಕೂ ಬಳಸಬಹುದು. ಇಲಸ್ಟ್ರೇಟರ್ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಇಂಡಿಕ್ ಆಯ್ಕೆ ಆನ್ ಮಾಡಿ ಸೌತ್ ಏಷ್ಯನ್ ಕಂಪೋಸರ್ ಆರಿಸಿ, ಇಲ್ಲವಾದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತದೆ. ಆಮೇಲೆ ಅಕ್ಷರವನ್ನು ಔಟ್‌ಲೈನ್ ಮಾಡಿ (ಆಕಾರವಾಗಿ ಬದಲಿಸಿ), ಸವೆತದ ಟೆಕ್ಸ್‌ಚರನ್ನು ಮಾಸ್ಕ್ ಆಗಿ, ಅಂದರೆ ಮರೆಮಾಡುವ ಪದರವಾಗಿ, ಮೇಲೆ ಹಾಕಿ. ಮಹಾಪ್ರಾಣದ ಸೀಳು, ಒತ್ತು, ಸೊನ್ನೆ ಇರುವ ಕಡೆ ಅದನ್ನು ಕೈಯಾರೆ ಅಳಿಸಿ. 0.3 ಮಿ.ಮೀ.ಗಿಂತ ಸಣ್ಣ ಚುಕ್ಕೆಗಳನ್ನೂ ತೆಗೆದುಬಿಡಿ, ಹೇಗೂ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಹೀಗೆ ಮಾಡಿದರೆ ಇನ್ನೊಂದು ಲಾಭ: ‘ಸುಂಟಿಕೊಪ್ಪ’ದ ‘ಪ್ಪ’ ಮತ್ತು ‘ಅಪ್ಪ’ದ ‘ಪ್ಪ’ ಎರಡಕ್ಕೂ ಒಂದೇ ಜಾಗದಲ್ಲಿ ಒಂದೇ ಗಾಯ ಕಾಣುವ ನಕಲಿತನ ಇರುವುದಿಲ್ಲ.

ಸವೆತ ಹೆಸರಿಗೆ ಮಾತ್ರ ಇರಲಿ. ಚಿಕೋರಿ ಶೇಕಡಾವಾರು, ನಿವ್ವಳ ತೂಕ, ಬೆಲೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಸಾದಾ ಅಕ್ಷರದಲ್ಲೇ ಹೋಗಬೇಕು. ಪ್ರೂಫನ್ನು (ಮಾದರಿ ಅಚ್ಚನ್ನು) ನುಣುಪಾದ ಆರ್ಟ್ ಪೇಪರ್ ಮೇಲೆ ಕೊಟ್ಟರೆ ಒಪ್ಪಬೇಡಿ. ನಿಮ್ಮದೇ ಪೌಚ್ ಮೇಲೆ, ನಿಜ ಅಳತೆಯಲ್ಲಿ ಒಂದು ತೆಗೆಸಿ, ಆ ಕೆಲಸದ ಗಂಧವೇ ಇಲ್ಲದ ಯಾರ ಕೈಲಾದರೂ ಗಟ್ಟಿಯಾಗಿ ಓದಿಸಿ. ಸಹಿ ಅದಾದ ಮೇಲೆ.