ಹಿಂದಿನ ಟೈರ್ ಎಷ್ಟು ಮಳೆಗಾಲ ಬರುತ್ತದೆ? ಗಟ್ಟಿ, ಮೆದು, ಬಟನ್, ರೀಟ್ರೆಡ್ ಎಲ್ಲ ಹಾಕಿ ನೋಡಿದ ಮೇಲೆ

ನನ್ನದು ಪಲ್ಸರ್ 150 ಬೈಕ್. ಹಿಂದಿನ ಟೈರ್ ಅಳತೆ 100/90-17. ಮನೆ ಶಿರಸಿ ಕಡೆ, ಕೆಲಸ ಕುಮಟಾದಲ್ಲಿ, ನಡುವೆ ದೇವಿಮನೆ ಘಟ್ಟ. ಆಗಾಗ ಕಾರವಾರಕ್ಕೂ ಹೋಗಿಬರುವುದುಂಟು. ಹಾಗಾಗಿ ಒಂದೇ ಟೈರು ಮನೆ ಹತ್ತಿರದ ಕೆಂಪು ಮಣ್ಣಿನ ದಾರಿ, ಘಟ್ಟದ ತಿರುವು, ಕೆಳಗಿನ ಹೆದ್ದಾರಿ 66 ಎಲ್ಲವನ್ನೂ ನೋಡುತ್ತದೆ. ಮುಂದಿನ ಟೈರ್ ಒಂದು ಸವೆಯುವಷ್ಟರಲ್ಲಿ ಹಿಂದಿನದು ಎರಡು ಮುಗಿಯುತ್ತವೆ. ಇಂಜಿನ್ ಎಳೆತ ಅದರ ಮೇಲೇ, ಹಿಂದೆ ಕೂತವರ ಭಾರವೂ ಅದರ ಮೇಲೇ, ಮೇಲಿಂದ ಅಡಿಕೆ ಚೀಲ ಬೇರೆ.

ಮೊದಲು ಬಂದಿದ್ದು ಗಟ್ಟಿ ರಬ್ಬರಿನ ಟೈರ್. ಅಂಗಡಿಯಲ್ಲಿ 'ಮೈಲೇಜ್ ಟೈರ್' ಅಂತ ಕೊಡುವುದು ಇದನ್ನೇ. ಉಗುರು ಊರಿದರೆ ಗುರುತೇ ಬೀಳುವುದಿಲ್ಲ. ಬಾಳಿಕೆಯಲ್ಲಿ ಇದನ್ನು ಮೀರಿಸಿದ್ದು ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಎರಡು ಮಳೆಗಾಲ ಆರಾಮಾಗಿ ದಾಟಿತು, ಮೂರನೆಯದಕ್ಕೂ ಟೈರಿನ ಮೈಮೇಲಿನ ಗೆರೆ (ಟ್ರೆಡ್) ಉಳಿದಿತ್ತು. ಬೆಲೆಯೂ ಕಡಿಮೆ. ಬರೀ ರೂಪಾಯಿ ಲೆಕ್ಕ ಹಾಕುವವರು ಇಲ್ಲಿಗೇ ಓದು ನಿಲ್ಲಿಸಿ ಅಂಗಡಿಗೆ ಹೋಗಬಹುದು.

ಆದರೆ ಆ ಮೂರನೇ ಮಳೆಗಾಲ ಇದೆಯಲ್ಲ, ಅದರ ಸುದ್ದಿ ಬೇರೆ. ಗಟ್ಟಿ ರಬ್ಬರ್ ಹಳೆಯದಾದಂತೆ ಇನ್ನೂ ಗಟ್ಟಿಯಾಗುತ್ತದೆ. ಜುಲೈ ತಿಂಗಳು, ದೇವಿಮನೆ ಇಳಿಯುವಾಗ ತಿರುವಿನಲ್ಲಿ ಎಲೆ ಬಿದ್ದು ಕೊಳೆತು ರಸ್ತೆಗೆ ಅಂಟಿಕೊಂಡಿರುತ್ತದೆ. ಪಕ್ಕದ ಧರೆಯಿಂದ ಕೆಸರು ಹರಿದು ಬಂದಿರುತ್ತದೆ. ಅಲ್ಲಿ ಹಿಂದಿನ ಬ್ರೇಕ್ ಮುಟ್ಟಿದರೆ ಸಾಕು, ಬಾಲ ಒಂದು ಕಡೆ ಹೊರಡುತ್ತಿತ್ತು. ಬೀಳಲಿಲ್ಲ. ಆದರೆ ಇಡೀ ಘಟ್ಟ ಭುಜ ಬಿಗಿ ಹಿಡಿದು ಇಳಿಯುವುದು ಎಂಥ ಪ್ರಯಾಣ, ಅಲ್ವಾ?

ಇನ್ನೊಂದು ವಿಷಯ. ಕುಮಟಾದಿಂದ ಕಾರವಾರದವರೆಗೆ ನೆಟ್ಟಗೆ ಓಡಿಸಿದರೆ ಟೈರಿನ ನಡುಭಾಗ ಮಾತ್ರ ಸವೆದು ಚಪ್ಪಟೆಯಾಗುತ್ತದೆ, ಅಂಚು ಹೊಸದರಂತೆಯೇ ಇರುತ್ತದೆ. ಹಾಗಾದ ಟೈರಿನಲ್ಲಿ ಘಟ್ಟಕ್ಕೆ ಬಂದು ಗಾಡಿ ವಾಲಿಸಿದರೆ, ಚಪ್ಪಟೆಯಿಂದ ಅಂಚಿಗೆ ಬರುವ ಜಾಗದಲ್ಲಿ ಗಾಡಿ ದಡಕ್ಕನೆ ಮಗುಚಿದ ಹಾಗಾಗುತ್ತದೆ. ಗಟ್ಟಿ ಟೈರ್ ತುಂಬಾ ದಿನ ಬಾಳುವುದರಿಂದ ಈ ಚಪ್ಪಟೆ ಕಾಲವನ್ನೂ ತುಂಬಾ ದಿನ ಅನುಭವಿಸಬೇಕು.

ಆಮೇಲೆ ಹಾಕಿಸಿದ್ದು ಮೆದು ರಬ್ಬರಿನದು. ಬೆಲೆ ಹತ್ತಿರಹತ್ತಿರ ಒಂದೂವರೆ ಪಟ್ಟು. ಮಧ್ಯಾಹ್ನ ಕುಮಟಾದ ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಟೈರಿಗೆ ಉಗುರು ಒತ್ತಿ ನೋಡಿ: ಗುರುತು ಬೀಳುತ್ತದೆ, ನಿಧಾನಕ್ಕೆ ಮಾಯವಾಗುತ್ತದೆ. ಘಟ್ಟ ಇಳಿದು ಬಂದ ಮೇಲೆ ಅಂಚಿನಲ್ಲಿ ರಬ್ಬರ್ ಸಣ್ಣ ಸಣ್ಣ ಉಂಡೆ ಕಟ್ಟಿಕೊಂಡಿರುತ್ತದೆ. ಮಳೆಯಲ್ಲಿ ಇದರ ಹಿಡಿತಕ್ಕೆ ಸಾಟಿಯಿಲ್ಲ. ಅದೇ ತಿರುವು, ಅದೇ ಕೊಳೆತ ಎಲೆ, ಗಾಡಿ ಮಾತ್ರ ಹೇಳಿದ ಮಾತು ಕೇಳುತ್ತದೆ.

ಬಾಳಿಕೆ? ಮೊದಲ ಸಲ ಒಂದು ಮಳೆಗಾಲ, ಒಂದು ಬೇಸಿಗೆ, ಅಷ್ಟಕ್ಕೇ ಮುಗಿಯಿತು. ಗಟ್ಟಿಯದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಎರಡನೇ ಸಲವೂ ಅಂಥದೇ ಟೈರ್ ಹಾಕಿಸಿದೆ, ಆದರೆ ಹಾಕಿಸುವ ಕಾಲ ಬದಲಿಸಿದೆ. ವ್ಯತ್ಯಾಸ ಕಂಡಿದ್ದು ಅಲ್ಲಿ.

ಮೊದಲನೆಯದನ್ನು ಹಾಕಿಸಿದ್ದು ದೀಪಾವಳಿ ಮುಗಿದ ಮೇಲೆ. ಹೊಸ ಗೆರೆಯೆಲ್ಲ ಒಣ ರಸ್ತೆಯಲ್ಲಿ, ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಕರಗಿತು. ಗೆರೆ ಬೇಕಾದ ಜೂನ್ ಬರುವ ಹೊತ್ತಿಗೆ ಅರ್ಧ ಖಾಲಿ. ಎರಡನೆಯದನ್ನು ಮೇ ಕೊನೆಯಲ್ಲಿ ಹಾಕಿಸಿದೆ. ಒದ್ದೆ ರಸ್ತೆಯಲ್ಲಿ ರಬ್ಬರ್ ಸವೆಯುವುದು ಕಡಿಮೆ. ನೀರು ಟೈರನ್ನು ತಣ್ಣಗಿಡುತ್ತದೆ, ಉಜ್ಜಾಟವನ್ನೂ ಕಡಿಮೆ ಮಾಡುತ್ತದೆ. ಸಾಲದ್ದಕ್ಕೆ ಮಳೆಯಲ್ಲಿ ನಾವೂ ನಿಧಾನ. ನಾಲ್ಕು ತಿಂಗಳು ಕಳೆದರೂ ಗೆರೆ ಅಷ್ಟಾಗಿ ಇಳಿದಿರಲಿಲ್ಲ. ಒಣಗಾಲ ಬಂದಾಗ ಸವೆಯಲಿ ಬಿಡಿ, ಒಣ ರಸ್ತೆಗೆ ಅಷ್ಟು ಆಳದ ಗೆರೆ ಬೇಕಾಗಿಲ್ಲ. ಮುಂದಿನ ಮೇ ಹೊತ್ತಿಗೆ ಟೈರಿನ ಪೂರ್ತಿ ದುಡ್ಡು ವಸೂಲು. ನಿಯಮದ ಪ್ರಕಾರ ದ್ವಿಚಕ್ರ ವಾಹನಕ್ಕೆ ಗೆರೆ 0.8 ಮಿ.ಮೀ. ಇದ್ದರೆ ಸಾಕು. ನಮ್ಮ ಮಳೆಗೆ ಅದು ಏನೇನೂ ಸಾಲದು. ಜೂನ್ ಶುರುವಾಗುವಾಗ 2 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ನಾನಂತೂ ಬದಲಿಸುತ್ತೇನೆ.

ಬಟನ್ ಟೈರ್, ಅಂದರೆ ಗೆರೆಯ ಬದಲು ಬಿಡಿಬಿಡಿ ರಬ್ಬರ್ ಗುಬುಟು ಇರುವುದು, ಅದರ ಕತೆ ಚಿಕ್ಕದು. ತೋಟದ ದಾರಿಗೆ, ಚಿರೆಕಲ್ಲಿನ ಏರಿಗೆ, ಕೆಸರಿಗೆ ಬಹಳ ಚೆನ್ನಾಗಿದೆ. ಡಾಂಬರ್ ರಸ್ತೆಯಲ್ಲಿ ಗುಂಯ್ ಅನ್ನುವ ಸದ್ದು, ಮೇಲಿಂದ ಬಟನ್‌ಗಳು ಒಂದು ಬದಿ ತಗ್ಗು ಒಂದು ಬದಿ ಉಬ್ಬಾಗಿ ಸವೆಯುತ್ತವೆ. ಅಂಗೈ ಒಂದು ದಿಕ್ಕಿಗೆ ಸವರಿದರೆ ನುಣುಪು, ವಾಪಸ್ ಎಳೆದರೆ ಗರಗಸ. ರಸ್ತೆ ಅಗಲ ಮಾಡುವ ಕಡೆ ಬಿದ್ದಿರುವ ಜಲ್ಲಿ ಚೂರು ಬಟನ್ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಕ್ರೂಡ್ರೈವರ್ ಹಿಡಿದು ಕೀಳುತ್ತಾ ಕೂರಬೇಕು. ದಿನಾ ತೋಟಕ್ಕೆ ಹೋಗುವವರಿಗೆ ಸರಿ, ದಿನಾ ಘಟ್ಟ ಇಳಿಯುವವರಿಗೆ ಬೇಡ.

ರೀಟ್ರೆಡ್ (ಸವೆದ ಹಳೆ ಟೈರಿನ ಮೇಲೆ ಹೊಸ ರಬ್ಬರ್ ಕೂರಿಸಿದ್ದು) ಬಗ್ಗೆ ಇನ್ನೂ ಚಿಕ್ಕದಾಗಿ: ಅಗ್ಗ, ನೋಡಲಿಕ್ಕೆ ಹೊಸದೇ. ಬೇಸಿಗೆಯ ಒಂದು ಮಧ್ಯಾಹ್ನ ಅಂಕೋಲಾ ದಾಟುವಾಗ ಮೇಲೆ ಕೂರಿಸಿದ ರಬ್ಬರ್ ಅಂಚಿನಿಂದ ಬಿಟ್ಟುಕೊಂಡು ಮಡ್‌ಗಾರ್ಡಿಗೆ ಪಟಪಟ ಬಡಿಯತೊಡಗಿತು. ಅವತ್ತಿಗೇ ಅದರ ಸಹವಾಸ ಮುಗಿಯಿತು. ಲಾರಿಯವರು ಬಳಸುತ್ತಾರೆ, ಅವರ ಹಿಂದಿನ ಆಕ್ಸಲ್‌ಗೆ ನಾಲ್ಕು ಚಕ್ರ. ನಮಗೆ ಇರುವುದೇ ಒಂದು.

ಇನ್ನು ಟೈರ್ ಯಾವುದೇ ಇರಲಿ, ಬಾಳಿಕೆ ಹೆಚ್ಚಿಸಿದ್ದು ಗಾಳಿ. ನನ್ನ ಗಾಡಿಯ ಹಿಂದಿನ ಟೈರಿಗೆ, ಒಬ್ಬರೇ ಹೋಗುವಾಗ 28 ಪಿಎಸ್ಐ (ಗಾಳಿ ಒತ್ತಡದ ಅಳತೆ), ಇಬ್ಬರಿದ್ದರೆ 32. ಕಡಿಮೆಯಾದರೆ ಟೈರ್ ಮಡಚಿ ಮಡಚಿ ಬಿಸಿಯಾಗಿ ಎರಡೂ ಅಂಚು ಸವೆಯುತ್ತದೆ. ಜಾಸ್ತಿಯಾದರೆ ನಡುಭಾಗ ಸವೆಯುತ್ತದೆ, ಹಿಡಿತವೂ ಹೋಗುತ್ತದೆ. ಬಂಕಿನ ಮೀಟರ್ ಒಂದೊಂದು ಕಡೆ ಒಂದೊಂದು ತೋರಿಸುತ್ತದೆ. ಪೆನ್ನಿನಂಥ ಸಣ್ಣ ಗೇಜ್ ಒಂದನ್ನು ಟೂಲ್ ಕಿಟ್‌ನಲ್ಲಿ ಇಟ್ಟುಕೊಂಡರೆ ಆ ತಲೆಬಿಸಿ ಇಲ್ಲ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ಘಟ್ಟ ಇಳಿದ ಬಿಸಿ ಟೈರಿಗೆ ಗೇಜ್ ಹಿಡಿದು 'ಜಾಸ್ತಿ ಇದೆ' ಅಂತ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಆಗಿರುತ್ತದೆ.

ಶಿರಸಿಯಲ್ಲಿ ಹಾಕಿಸಿದ ಗಾಳಿ ಕೆಳಗೆ ಹೋದಾಗ ಏನಾಗುತ್ತದೆ ಅಂತ ಒಬ್ಬ ಗೆಳೆಯ ಕೇಳಿದ್ದ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಕೆಳಗೆ ಹೊರಗಿನ ಗಾಳಿಯ ಒತ್ತಡ ಜಾಸ್ತಿ, ಅದರಿಂದ ಗೇಜಿನಲ್ಲಿ ಸುಮಾರು 1 ಪಿಎಸ್ಐ ಕಡಿಮೆ ಕಾಣುತ್ತದೆ. ಆದರೆ ಕರಾವಳಿಯಲ್ಲಿ ಸೆಕೆ ಜಾಸ್ತಿ, ಐದಾರು ಡಿಗ್ರಿ ಬಿಸಿ ಏರಿದರೆ ಅದೇ 1 ಪಿಎಸ್ಐ ಹತ್ತಿರ ಹೆಚ್ಚುತ್ತದೆ. ಅಲ್ಲಿಗಲ್ಲಿಗೆ ಸರಿಯಾಯಿತು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನೈಟ್ರೋಜನ್ ಹಾಕಿಸಿಯೂ ನೋಡಿದ್ದೇನೆ. ಗಾಳಿ ಇಳಿಯುವುದು ಸ್ವಲ್ಪ ನಿಧಾನವಾಯಿತೇನೋ, ಗೆರೆಯ ಸವೆತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ.

ಘಟ್ಟ ಇಳಿಯುವಾಗ ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರುವವರು ತುಂಬಾ ಜನ. ಚಕ್ರ ಒಂದು ಸಲ ಕಚ್ಚಿ ಜಾರಿದರೆ ಆ ಜಾಗದಲ್ಲಿ ಟೈರ್ ಬೋಳು. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಂಜಿನ್ ಹಿಡಿತದಲ್ಲೇ ಇಳಿಯಿರಿ, ತಿರುವಿಗೆ ಮುಂಚೆ ಎರಡೂ ಬ್ರೇಕ್ ಸೇರಿಸಿ ಹಾಕಿ. ಚೈನ್ ಸಡಿಲವಿದ್ದರೆ ಪ್ರತಿ ಆಕ್ಸಿಲರೇಟರಿಗೂ ಟೈರಿಗೆ ಜಗ್ಗು ಬೀಳುತ್ತದೆ. ಚೈನ್ ಬಿಗಿ ಮಾಡಿಸುವಾಗ ಎರಡೂ ಬದಿಯ ಗುರುತು ಸಮ ಇದೆಯಾ ಅಂತ ಬಗ್ಗಿ ನೋಡಿ. ಒಂದು ಗುರುತು ತಪ್ಪಿದ್ದಕ್ಕೆ ಟೈರಿನ ಒಂದೇ ಬದಿ ತಿಂದುಹೋಗಿದ್ದನ್ನು ಕಂಡಿದ್ದೇನೆ.

ಈಗ ನನ್ನ ಗಾಡಿಯಲ್ಲಿರುವುದು ಮೆದು ಟೈರೇ. ಹೊನ್ನಾವರ, ಕುಮಟಾ, ಕಾರವಾರ ಅಂತ ಬರೀ ಹೆದ್ದಾರಿಯಲ್ಲಿ ಓಡುವವರಿಗೆ, ಮೀನಿನ ಬುಟ್ಟಿ ಕಟ್ಟಿಕೊಂಡು ದಿನಾ ತಿರುಗುವವರಿಗೆ ಗಟ್ಟಿಯದನ್ನೇ ಹೇಳುತ್ತೇನೆ, ಎರಡು ಮಳೆಗಾಲಕ್ಕೆ ಬದಲಿಸುವುದಾದರೆ. ಯಾವುದೇ ತಗೊಳ್ಳಿ, ಟೈರಿನ ಪಕ್ಕೆಯಲ್ಲಿರುವ ನಾಲ್ಕಂಕಿ ಓದಿ. 1025 ಅಂದರೆ 2025ರ ಹತ್ತನೇ ವಾರದಲ್ಲಿ ತಯಾರಾಗಿದ್ದು. ಗೋಡೌನಿನಲ್ಲಿ ಎರಡು ಮೂರು ವರ್ಷ ಕೂತ ಮೆದು ಟೈರಿಗೆ ಒಂದೂವರೆ ಪಟ್ಟು ದುಡ್ಡು ಕೊಡಬೇಡಿ. ಬೇರೆ ತೋರಿಸಿ ಅಂತ ಕೇಳಿ, ಒಳಗೆ ಇದ್ದೇ ಇರುತ್ತದೆ.