ಕಾರ್ಕಳ ದಾರಿಯ ಮರದ ಕೆಲಸದ ಅಂಗಡಿ: ಕೆತ್ತನೆಗೆ ಐದು ಸ್ಟಾರ್, ಪ್ಯಾಕಿಂಗಿಗೆ ಒಂದು

ಕೆಲಸಕ್ಕೆ ಐದಕ್ಕೆ ಐದು, ಹೇಳಿದ ಟೈಮಿಗೆ ಕೊಡುವ ವಿಷಯದಲ್ಲಿ ಎರಡು, ಪ್ಯಾಕಿಂಗಿಗೆ ಒಂದು ಕೊಡುದೂ ಜಾಸ್ತಿಯೇ. ಅಂಗಡಿ ಹೆಸರು ಹಾಕುದಿಲ್ಲ, ಬೇಡ ಅಂದದ್ದು ಆಚಾರ್ರೇ, "ಇದ್ದ ಆರ್ಡರೇ ಮುಗಿಯುದಿಲ್ಲ ಡಾಕ್ಟ್ರೇ, ಇನ್ನು ಬೆಂಗಳೂರಿನವರೆಲ್ಲ ಫೋನ್ ಮಾಡ್ಲಿಕ್ಕೆ ಶುರು ಮಾಡಿದ್ರೆ ನನ್ನ ಗತಿ ಎಂತ" ಅಂತ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಪಲ್ಲಕ್ಕಿ, ದೈವದ ಉಯ್ಯಾಲೆ ಮಾಡುವವರು ಯಾರು ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ.

ನಾನು ಮಾಡಿಸಿದ್ದು ಒಂದು ಕುದುರೆ. ಮಾಮೂಲಿ ಕುದುರೆ ಅಲ್ಲ, ನೇಗಿಲು ಎಳೆಯುವ ಸ್ಕಾಟ್ಲೆಂಡಿನ ತಳಿ, ಕ್ಲೈಡ್ಸ್‌ಡೇಲ್. ನಾನು ದನದ ಡಾಕ್ಟ್ರು, ಅಕ್ಕನ ಮಗಳು ನ್ಯೂಜಿಲೆಂಡಿನ ಸೌತ್‌ಲ್ಯಾಂಡಿನಲ್ಲಿ ಡೈರಿ ಫಾರ್ಮಿನಲ್ಲಿ ಕೆಲಸಕ್ಕೆ ಇದ್ದಾಳೆ, ಅವಳ ಧಣಿಗೆ ವಯಸ್ಸಾಯ್ತು, ಫಾರ್ಮ್ ಮಗನಿಗೆ ಬಿಟ್ಟುಕೊಡ್ತಾರಂತೆ, ಊರಿನದ್ದು ಏನಾದ್ರೂ ಗಿಫ್ಟ್ ಕೊಡ್ಬೇಕು ಮಾಮ ಅಂದಳು. ಅವರ ಮುತ್ತಜ್ಜ ಒಂದು ಕಾಲದಲ್ಲಿ ಬೀಜದ ಕುದುರೆ ಇಟ್ಟಿದ್ದವರು, ಆ ಕುದುರೆಯ ಕಾರ್ಡಿಗೆ ಫ್ರೇಮ್ ಹಾಕಿ ಈಗಲೂ ಗೋಡೆಯಲ್ಲಿ ಇಟ್ಟಿದ್ದಾರೆ. ಅದರ ಫೋಟೋ ಕಳಿಸಿದಳು, ನಾನು ರಾತ್ರಿ ಕೂತು ಝೂಮ್ ಮಾಡಿ ಮಾಡಿ ಓದಿದ್ದು.

ಕಾರ್ಡ್ ಅಂದ್ರೆ ಆ ಕುದುರೆಯ ಜಾತಕವೇ. ಅಪ್ಪ ಯಾರು, ತಾಯಿಯ ಅಪ್ಪ ಯಾರು, ಹೆಸರಿನ ಪಕ್ಕ ಸ್ಟಡ್ ಬುಕ್ ಅಂದ್ರೆ ತಳಿಯ ವಂಶಾವಳಿ ಪುಸ್ತಕದ ನಂಬರ್, ಯಾವ ಮೇಳದಲ್ಲಿ ಪ್ರೈಜ್ ಬಂತು, ಸೋಮವಾರ ಯಾವ ಫಾರ್ಮಿನಲ್ಲಿ ಇರ್ತದೆ, ಮಂಗಳವಾರ ಯಾವ ಹೋಟೆಲಿನ ಲಾಯದಲ್ಲಿ, ಒಂದು ಹೆಣ್ಣು ಕುದುರೆಗೆ ಫೀಸ್ ಎಷ್ಟು, ಎಲ್ಲ ಅದರಲ್ಲೇ. ಸೆಪ್ಟೆಂಬರಿನಲ್ಲಿ ಅಲ್ಲಿಯ ವಸಂತ ಶುರು, ಆಗ ಕುದುರೆಯನ್ನು ಒಬ್ಬ ಆಳು ಹಗ್ಗ ಹಿಡಿದು ಫಾರ್ಮಿನಿಂದ ಫಾರ್ಮಿಗೆ ನಡೆಸಿಕೊಂಡು ಹೋಗ್ತಿದ್ದದ್ದು. ನಾವೀಗ ನೈಟ್ರೋಜನ್ ಕ್ಯಾನಿನಲ್ಲಿ ಹೋರಿ ನಂಬರ್ ಬರೆದ ವೀರ್ಯದ ಸ್ಟ್ರಾ ಇಟ್ಕೊಂಡು ಬೈಕಲ್ಲಿ ಮನೆ ಮನೆ ತಿರುಗ್ತೇವಲ್ಲ, ಅಲ್ಲಿ ಹೋರಿಯ ಬದಲು ಕುದುರೆ ತಾನೇ ನಡೀತಾ ಬರ್ತಿತ್ತು, ಅಷ್ಟೇ ವ್ಯತ್ಯಾಸ. ಗಬ್ಬ ನಿಂತ್ರೆ ಮಾತ್ರ ಪೂರ್ತಿ ದುಡ್ಡು ಅನ್ನುವ ಕರಾರೂ ಇರ್ತಿತ್ತು, ನಮಗೆ ಆ ಭಾಗ್ಯ ಇಲ್ಲ, ಮೂರು ಸಲ ಇಂಜೆಕ್ಷನ್ ಆದ್ರೂ ನಿಲ್ಲದಿದ್ರೆ ಬೈಗುಳ ಮಾತ್ರ ಸಿಗುದು. ಕುದುರೆ ಗಬ್ಬ ಹನ್ನೊಂದು ತಿಂಗಳು, ಹಾಗಾಗಿ ಈ ವಸಂತದ ಫಲ ಬರುದು ಮುಂದಿನ ವಸಂತಕ್ಕೆ.

ಇಷ್ಟೆಲ್ಲ ಯಾಕೆ ಅಂದ್ರೆ, 1848ರಲ್ಲಿ ಸ್ಕಾಟ್ಲೆಂಡಿನವರು ನ್ಯೂಜಿಲೆಂಡಿನ ಒಟಾಗೋಗೆ ಬಂದು ಊರು ಕಟ್ಟಿದವರು, ಅಲ್ಲಿಂದ ದಕ್ಷಿಣಕ್ಕೆ ಹಬ್ಬಿದವರು. ಓಟ್ಸ್ ಬೆಳೆಯುವ ನೆಲ, ಉಳುಮೆಗೂ ಕುದುರೆ, ಕಟಾವಿಗೂ ಕುದುರೆ, ಆ ಕುದುರೆಗೆ ತಿನ್ನಿಸ್ಲಿಕ್ಕೂ ಅದೇ ಓಟ್ಸ್. ಇದ್ದ ಬದ್ದ ಬೆರಕೆ ಹೆಣ್ಣು ಕುದುರೆಗಳಿಗೆ ಒಳ್ಳೆ ವಂಶದ ಗಂಡು ಕಟ್ಟಿದ್ರೆ ಮರಿಗೆ ತೂಕ ಬರ್ತದೆ, ತಲೆಮಾರು ದಾಟುವಾಗ ಇಡೀ ಊರಿನ ಕುದುರೆ ಸುಧಾರಿಸ್ತದೆ, ಇದು ಅವರ ಲೆಕ್ಕ. ಸ್ಕಾಟ್ಲೆಂಡಿನಲ್ಲಿ ಕ್ಲೈಡ್ಸ್‌ಡೇಲ್ ಸೊಸೈಟಿ ಆದದ್ದು 1877ರಲ್ಲಿ, ಮರುವರ್ಷವೇ ಮೊದಲ ಸ್ಟಡ್ ಬುಕ್. ಆಮೇಲೆ ಹಡಗಿನಲ್ಲಿ ಹೇರಿದ್ದೇ ಹೇರಿದ್ದು, 1911 ಒಂದೇ ವರ್ಷದಲ್ಲಿ 1,617 ಗಂಡು ಕುದುರೆ ಹೊರದೇಶಕ್ಕೆ ಹೋಗಿದೆ. ಅದೇ ವರ್ಷ ಬ್ಯಾರನ್ ಆಫ್ ಬುಕ್ಲೈವಿ ಅನ್ನುವ ಕುದುರೆ ಏರ್ ಪಟ್ಟಣದ ಹರಾಜಿನಲ್ಲಿ 9,500 ಪೌಂಡಿಗೆ ಹೋಯ್ತು, ಇಬ್ಬರು ಪಾಲುದಾರರು ಅದಕ್ಕಾಗಿ ಕೋರ್ಟಿಗೆ ಹೋಗಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ತನಕ ಕೇಸ್ ನಡೆಸಿದ್ದಾರೆ ಮಾರಾಯ್ರೆ, ನಮ್ಮ ಜಾಗದ ಗಡಿ ಕೇಸೇ ವಾಸಿ. ಮೂರು ವರ್ಷದ ಮೇಲೆ ಹೆಣ್ಣು ಕುದುರೆಯೊಂದು ಒದ್ದು ಅದು ಸತ್ತೇ ಹೋಯ್ತು. ಅಸ್ಥಿಪಂಜರ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಮ್ಯೂಸಿಯಮ್ಮಿನಲ್ಲಿ ಉಂಟು. ನ್ಯೂಜಿಲೆಂಡಿನಲ್ಲಿ ಆಗ ಜನ ಹತ್ತು ಲಕ್ಷ ಚಿಲ್ಲರೆ, ಕುದುರೆ ನಾಲ್ಕು ಲಕ್ಷದ ಮೇಲೆ.

ಸರಿ, ಅಂಗಡಿಗೆ ಬರ್ತೇನೆ. ಆಚಾರ್ರು ಮೊದಲು ಜೇಡಿಮಣ್ಣಿನಲ್ಲಿ ಒಂದು ಸ್ಯಾಂಪಲ್ ಮಾಡಿ ತೋರಿಸಿದ್ರು, ಮುಂದಿನ ಎರಡು ಕಾಲು ಮೇಲೆ, ಸಣ್ಣ ಸೊಂಟ, ಕುತ್ತಿಗೆ ಬಿಲ್ಲಿನ ಹಾಗೆ, ಥೇಟ್ ತೇರಿನ ಕುದುರೆ. "ಕುದುರೆ ಅಂದ್ರೆ ಹಾರ್ಬೇಕಲ್ಲ ಡಾಕ್ಟ್ರೇ" ಅಂದ್ರು. ಇದು ಹಾರುದಿಲ್ಲ ಆಚಾರ್ರೇ, ಎಳೀತದೆ ಅಂದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಮತ್ತೆ "ಹಾಗಾದ್ರೆ ಕಂಬಳದ ಕೋಣ ನೋಡಿದ ಹಾಗೆ ನೋಡ್ಬೇಕು" ಅಂದು ಮಣ್ಣನ್ನು ಕಲಸಿಯೇ ಬಿಟ್ರು. ನನಗೆ ಇವರ ಮೇಲೆ ನಂಬಿಕೆ ಬಂದದ್ದು ಅಲ್ಲೇ. ಬೇರೆ ಕಡೆ ಕೇಳಿದ್ದೆ, ಅವರು ಗೂಗಲಲ್ಲಿ ಸಿಕ್ಕಿದ ಕುದುರೆಯ ಫೋಟೋ ತೋರಿಸಿ "ಇದೇ ಡಿಸೈನ್ ಸಾರ್, ಚೇಂಜ್ ಆಗುದಿಲ್ಲ" ಅಂದಿದ್ರು.

ಕ್ಲೈಡ್ಸ್‌ಡೇಲ್ ನೋಡುವವರು ಕಣ್ಣು ಇಡುದು ಕೆಳಗಿನಿಂದ. ಮೈ ಆಮೇಲೆ ಬಂದೀತು, ಕಾಲು ಆಮೇಲೆ ಬರ್ಲಿಕ್ಕಿಲ್ಲ ಅಂತ ಸ್ಕಾಟ್ಲೆಂಡಿನ ಹಳಬರ ಮಾತೇ ಉಂಟು. ಗೊರಸು ಊಟದ ಬಟ್ಟಲಿನಷ್ಟು ಅಗಲ, ಅದರ ಮೇಲೆ ಮೊಣಕಾಲಿನಿಂದ ಇಳಿದ ಬಿಳಿ ರೋಮ, ಹಿಂದಿನ ಕಾಲುಗಳ ಗಂಟು ಒಂದಕ್ಕೊಂದು ಹತ್ತಿರ. ಭಾರ ಎಳೆಯುವ ಕುದುರೆಗೆ ಗೊರಸಿನ ಪಕ್ಕದ ಮೃದು ಎಲುಬು ಗಟ್ಟಿಯಾಗುದು ಸಾಮಾನ್ಯ, ಕೆಲವಕ್ಕೆ ಕುಂಟೂ ಬರ್ತದೆ, ಅದು ವಂಶದಲ್ಲಿ ಇಳಿದು ಬರ್ತದೆ ಅಂತ ಬೀಜದ ಕುದುರೆ ತಪಾಸಣೆ ಮಾಡುವ ಡಾಕ್ಟ್ರುಗಳು ಮೊದಲು ಅಲ್ಲೇ ಕೈ ಹಾಕುದು. ಕಾಲಿನ ರೋಮದ ಒಳಗೆ ಚರ್ಮರೋಗ, ಊತ ಬೇರೆ, ಚಂದಕ್ಕೆ ಬೆಳೆಸಿದ ಕೂದಲಿನ ಬೆಲೆ ಅದು. ಇದನ್ನೆಲ್ಲ ನಾನು ಹೇಳ್ತಾ ಹೋದ ಹಾಗೆ ಆಚಾರ್ರು ಹೂಂ ಹೂಂ ಅನ್ನುತ್ತಾ ಕೇಳಿದ್ದು ಸುಮ್ಮನೆ ಅಲ್ಲ, ಕುದುರೆಯಲ್ಲಿ ಎಲ್ಲ ಬಂದಿದೆ.

ಅಳತೆ ಸುಲಭ ಆಯ್ತು. ಕುದುರೆ ಎತ್ತರ ಹೇಳುದು ಹ್ಯಾಂಡ್ ಲೆಕ್ಕದಲ್ಲಿ, ಒಂದು ಹ್ಯಾಂಡಿಗೆ ನಾಲ್ಕು ಇಂಚು. ಕಾರ್ಡಿನ ಕುದುರೆ 17 ಹ್ಯಾಂಡ್, ಹ್ಯಾಂಡಿಗೊಂದು ಇಂಚು ಅಂತ ಹಿಡಿದು ಭುಜಕ್ಕೆ 17 ಇಂಚು ಮಾಡಿಸಿದೆ. ಬೀಟೆ ಚಂದ ಕಾಣ್ತದೆ ನಿಜ, ಆದ್ರೆ ಹೊರದೇಶಕ್ಕೆ ಕಳಿಸುವಾಗ ಅದಕ್ಕೆ ಪೇಪರಿನ ತಲೆಬಿಸಿ, ಹಾಗಾಗಿ ಮೈಗೆ ಸಾಗುವಾನಿ. ಕಾಲಿನ ಬಿಳಿಗೆ ಪೇಂಟ್ ಹೊಡೀತಾರೇನೋ ಅಂದ್ಕೊಂಡಿದ್ದೆ, ಇವರು ಹಾಲೆ ಮರ ತಂದ್ರು! ಆಟಿ ಅಮಾಸೆಗೆ ತೊಗಟೆ ಕೆತ್ತಿ ಕಷಾಯ ಕುಡೀತೇವಲ್ಲ, ಅದೇ. ಹಗುರ, ಬೆಳ್ಳಗೆ. ನಾಲ್ಕು ಕಾಲಿಗೂ ಬೇರೆ ಬೇರೆ ಕೆತ್ತಿ ಕೂರಿಸಿದ್ದಾರೆ, ಜಾಯಿಂಟ್ ಎಲ್ಲಿ ಅಂತ ಉಗುರು ಹಾಕಿ ಹುಡುಕಿದ್ರೂ ಸಿಗುದಿಲ್ಲ. ಕಡ್ಡಿಯಷ್ಟು ಸಪೂರದ ಉಳಿಯಲ್ಲಿ ಒಂದೊಂದು ಎಳೆ ಬಿಡಿಸಿದ್ದು, ಹಿಂದೆ ದಟ್ಟ, ಮುಂದೆ ಸೀಳಿ ಗೊರಸಿನ ತುದಿ ಸ್ವಲ್ಪ ಕಾಣುವ ಹಾಗೆ, ಹಿಂದಿನ ಎಡಗಾಲಿನ ರೋಮ ಮಾತ್ರ ಒದ್ದೆಯಾದ ಹಾಗೆ ಅಂಟಿಕೊಂಡಿದೆ. ಅದ್ಯಾಕೆ ಅಂದ್ರೆ "ಗದ್ದೆಯಿಂದ ಬಂದದ್ದಲ್ವಾ" ಅಂದ್ರು. ಅಲ್ಲಿ ಮೇಳಕ್ಕೆ ತಯಾರು ಮಾಡುವಾಗ ರೋಮ ತೊಳೆದು ಮರದ ಹುಡಿ ತಿಕ್ಕಿ ಒಣಗಿಸ್ತಾರೆ, ಬೆಳ್ಳಗೆ ಉಬ್ಬಿ ನಿಲ್ತದೆ ಅಂತ ಹೇಳಿದ್ದಕ್ಕೆ "ಹಾಗಾದ್ರೆ ಇಲ್ಲಿಗೆ ಕರ್ಕೊಂಡು ಬರ್ಲಿ, ನಮ್ಮಲ್ಲಿ ಫ್ರೀ" ಅಂತ ನಕ್ಕರು.

ಹೊಟ್ಟೆ ಒಳಗೆ ಟೊಳ್ಳು ಮಾಡಿದ್ದಾರೆ, ತೂಕವೂ ಕಡಿಮೆ, ಮರ ಬಿರಿಯುವ ಭಯವೂ ಕಡಿಮೆ. ಒಂದೇ ತಕರಾರು ಮುಖದ್ದು, ಕಣ್ಣು ಸ್ವಲ್ಪ ದೊಡ್ಡ ಆಯ್ತು, ದೈವದ ಮೊಗ ಕೆತ್ತಿ ಕೆತ್ತಿ ಕೈಗೆ ಬಂದ ಅಭ್ಯಾಸ ಇರ್ಬೇಕು.

ಈಗ ಬೈಗುಳದ ಭಾಗ. ದೀಪಾವಳಿಗೆ ಅಂದದ್ದು ಶಿವರಾತ್ರಿ ದಾಟಿತು. ನಡುವೆ ಬ್ರಹ್ಮಕಲಶದ ಸೀಸನ್ ಬಂತು, ದೇವಸ್ಥಾನದ ಕೆಲಸ ಬಿಟ್ಟು ಕುದುರೆ ಹಿಡ್ಕೊಂಡು ಕೂರ್ಲಿಕ್ಕೆ ಆಗ್ತದಾ ಅಂತ ಅವರ ವಾದ, ನಾನೂ ಬಾಯಿ ಮುಚ್ಚಿದೆ. ಫೋನ್ ಅಂತೂ ಎತ್ತುದೇ ಇಲ್ಲ. ಆದ್ರೆ ಪ್ಯಾಕಿಂಗ್ ಇದೆಯಲ್ಲ, ಅದು ಕ್ಷಮಿಸುವಂಥದ್ದಲ್ಲ. ನ್ಯೂಜಿಲೆಂಡಿಗೆ ಅಂತ ಹೇಳಿಯೇ ಕೊಟ್ಟದ್ದು, ಅಂಗಡಿಯ ಹುಡುಗ ಪೆಟ್ಟಿಗೆ ತುಂಬ ಬೈಹುಲ್ಲು ತುರುಕಿ ಮೊಳೆ ಹೊಡೆದಿದ್ದಾನೆ. ಆ ದೇಶದವರು ಗಡಿಯಲ್ಲಿ ಹುಲ್ಲು, ತೊಗಟೆ, ಹುಳ ಕೊರೆದ ತೂತು ಕಂಡ್ರೆ ಬಿಡುದಿಲ್ಲ, ಮರದ ಸಾಮಾನು ಡಿಕ್ಲೇರ್ ಮಾಡ್ಲೇಬೇಕು. ಅಂಗಳದಲ್ಲಿ ಪೆಟ್ಟಿಗೆ ಒಡೆದು, ಬ್ರಷ್ಷಿನಲ್ಲಿ ಒಂದೊಂದು ಹುಲ್ಲಿನ ಚೂರು ತೆಗೆದು, ಬಬಲ್ ರ‍್ಯಾಪ್ ಸುತ್ತಿ ನಾನೇ ಮತ್ತೆ ಪ್ಯಾಕ್ ಮಾಡಿದ್ದು. ಹುಲ್ಲು ಹಟ್ಟಿಗೆ ಹೋಯ್ತು. ಹಾಲೆ ಮರಕ್ಕೆ ಹುಳ ಬೇಗ ಹಿಡೀತದೆ, ಅದಕ್ಕೆ ಮದ್ದು ಹಾಕಿ ಒಣಗಿಸಿದ್ದೇನೆ ಅಂತ ಆಚಾರ್ರು ಮೊದಲೇ ಹೇಳಿದ್ರು, ತೂತು ಒಂದೂ ಇರ್ಲಿಲ್ಲ, ತಪಾಸಣೆಯಲ್ಲಿ ಪಾಸಾಗಿ ಮುಟ್ಟಿದೆ. ಮುದುಕರು ಕುದುರೆಯನ್ನು ತಿರುಗಿಸಿ ಮೊದಲು ನೋಡಿದ್ದು ಹಿಂದಿನ ಕಾಲಿನ ಗಂಟು ಅಂತೆ, ಅಕ್ಕನ ಮಗಳು ಮೆಸೇಜ್ ಮಾಡಿದಳು.

35 ಸಾವಿರ ಆಯ್ತು, ಅರ್ಧ ಅಡ್ವಾನ್ಸ್, ಬಿಲ್ ಕೇಳಿದ್ರೆ ಕೊಡ್ತಾರೆ. ಕೊರಿಯರಿನದ್ದು ಬೇರೆ, ಅದನ್ನು ಹೆಂಡತಿ ಎದುರು ಹೇಳುವ ಹಾಗಿಲ್ಲ. ಮಾಡಿಸುವವರು ಮಳೆಗಾಲ ಶುರುವಾಗುವ ಮೊದಲೇ ಹೋಗಿ ಒಣಗಿದ ಮರವನ್ನು ಕಣ್ಣಾರೆ ನೋಡಿ ಆರಿಸಿ, ಹಸಿ ಮರದಲ್ಲಿ ಕೆತ್ತಿದ್ದು ಚಳಿ ದೇಶದಲ್ಲಿ ಹೀಟರ್ ಹಾಕಿದ ಮನೆಯಲ್ಲಿ ಬಿರಿಯುದು ಗ್ಯಾರಂಟಿ. ಪ್ಯಾಕಿಂಗ್ ಬೇಡ ಅಂತ ಮೊದಲೇ ಹೇಳಿ. ಮತ್ತೆ ಸಂಜೆ ಚಾ ಹೊತ್ತಿಗೆ ಹೋಗಿ, ಬೆಳಿಗ್ಗೆ ಹೋದ್ರೆ ಆ ಹುಡುಗನೇ ಸಿಗುದು.